ಹಾಡುವ ಮಕ್ಕಳೂ ಕರಾರುಪತ್ರವೂ

ಕಳೆದ ತಿಂಗಳು ನಮ್ಮ ಮಿತ್ರರೊಬ್ಬರು ಸಂಜೆಯ ವೇಳೆಗೆ ಮನೆಗೆ ಬಂದರು. ಅವರ ಕೈಯಲ್ಲಿ ಹನ್ನೊಂದು ಪುಟಗಳ ಇಂಗ್ಲಿಷ್ ಕಾಗದವೊಂದಿದ್ದಿತು. ಅವರ ಮಗಳಿಗೆ ಹದಿನಾರು ವರ್ಷ. ಅವಳು ಮೂವರು ಗೆಳತಿಯರೊಂದಿಗೆ ಕೂಡಿ ಹಾಡುವಳು. ಹಾಡುಗಳನ್ನು ತಾನೇ ಕಟ್ಟುವಳು. ಸಂಸ್ಥೆಯೊಂದು ಈ ಹುಡುಗಿಯರ ಹಾಡುಗಳನ್ನು ಧ್ವನಿಮುದ್ರಿಸಿ ನಾಡಿಗೆಲ್ಲಾ ಪ್ರಚಾರಮಾಡುವುದಾಗಿ ಹೇಳಿ ಆ ಕಾಗದವನ್ನು ಕಳುಹಿಸಿತ್ತು. "ರುಜು ಹಾಕಬೇಕಾದ ಕಡೆಗಳಲ್ಲೆಲ್ಲಾ ಗುರುತುಮಾಡಿ ಕೊಟ್ಟಿದ್ದಾರೆ. ನಾಳೆಯೇ ಬೇಕಂತೆ. ಜನ ಒಳ್ಳೆಯವರು, ಮೋಸಗಾರರಲ್ಲ. ಹಾಕಿಬಿಡಲೆ?" ಎಂದು ಅವರು ಕೇಳಿದರು.

ಆ ಸಂಸ್ಥೆಯವರು ಒಳ್ಳೆಯವರೆಂಬುದನ್ನು ನಾವು ಅಲ್ಲಗಳೆಯಲಿಲ್ಲ. ಒಳ್ಳೆಯವರ ನಡುವೆ, ಪ್ರೀತಿ ವಿಶ್ವಾಸಗಳ ನಡುವೆ, ಓದದೆ ಹಾಕಿದ ರುಜುವಿನಿಂದ ಏನೇನಾಗಬಹುದೆಂಬುದಕ್ಕೆ ಒಂದು ಕಥೆಯನ್ನು ಮಾತ್ರ ಹೇಳಿದೆವು. ಮನೆಯಲ್ಲಿ ಹಾಡುವ, ಕುಣಿಯುವ, ನಟಿಸುವ ಮಕ್ಕಳಿರುವ ಗೃಹಸ್ಥರು ಈಗ ಊರೂರಿಗೂ ಇರುವುದರಿಂದ, ಆ ಕಥೆಯನ್ನೇ ಈ ತಿಂಗಳು ವಾಚಕರ ಮುಂದಿಡುವೆವು.

ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ರೇವುಪಟ್ಟಣದ 'ಬೀಟಲ್ಸ್' ಎಂಬ ಗಾಯಕರ ಮೇಳದ ಹೆಸರನ್ನು ಕೇಳದವರು ವಿರಳ. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೊ ಸ್ಟಾರ್ ಎಂಬ ನಾಲ್ವರ ಹಾಡುಗಳು ಜಗತ್ತನ್ನೇ ಸುತ್ತಿದುವು. ಅವರ ಗಾನದ ಗುಣದೋಷಗಳನ್ನು ವಿಮರ್ಶಿಸುವುದು ಇಲ್ಲಿ ನಮ್ಮ ಉದ್ದೇಶವಲ್ಲ. ಅವರು ರುಜುಮಾಡಿದ ಕಾಗದಗಳ ಚರಿತ್ರೆಯನ್ನಷ್ಟೇ ನೋಡುವೆವು.

೧೯೬೦ರಲ್ಲಿ ಈ ಹುಡುಗರು ಜರ್ಮನಿಯ ಹ್ಯಾಂಬರ್ಗಿನ ರಾತ್ರಿಶಾಲೆಗಳಲ್ಲಿ ಹಾಡಲು ಹೋದರು. ಒಬ್ಬ ಮಾಲೀಕನೊಡನೆ ಕರಾರಿದ್ದಾಗಲೇ ಮತ್ತೊಬ್ಬನ ಶಾಲೆಗೆ ಹೋಗಿ ಹಾಡಿದ್ದರಿಂದ ಮೊದಲಿನವನಿಗೆ ಕೋಪಬಂದಿತು. ಜಾರ್ಜನಿಗೆ ಆಗ ಹದಿನೇಳೇ ವರ್ಷವೆಂಬ ಸಂಗತಿ ಅಧಿಕಾರಿಗಳಿಗೆ ತಿಳಿದು, ಅವನನ್ನು ಆ ನವೆಂಬರಿನಲ್ಲಿ ದೇಶದಿಂದ ಹೊರಗೆ ಕಳುಹಿಸಿದರು. ಕರಾರೆಂಬುದು ಬರಿಯ ಕಾಗದವಲ್ಲ, ಅದಕ್ಕೆ ಹಲ್ಲೂ ಇರುವುದೆಂದು ಅವರಿಗೆ ದೊರೆತ ಮೊದಲ ಪಾಠ ಅದು. ಆದರೆ ತಾರುಣ್ಯದಲ್ಲಿ ಇಂತಹ ಪಾಠಗಳು ಮನಸ್ಸಿನಲ್ಲಿ ನಿಲ್ಲುವುದು ಅಪೂರ್ವ.

೧೯೬೧ರ ನವೆಂಬರಿನಲ್ಲಿ ಬ್ರಯನ್ ಎಪ್‌ಸ್ಟೈನ್ ಎಂಬ ಇಪ್ಪತ್ತೇಳು ವರ್ಷದ ತರುಣನು ಇವರ ಹಾಡನ್ನು ಕೇಳಿದನು. ಅವನ ಮನೆತನದವರಿಗೆ ಲಿವರ್‌ಪೂಲಿನಲ್ಲಿ ಪೀಠೋಪಕರಣಗಳ ವ್ಯಾಪಾರವಿದ್ದಿತು. ಅದರೊಡನೆ ನಡೆಯುತ್ತಿದ್ದ ಗ್ರಾಮಫೋನ್ ರೆಕಾರ್ಡುಗಳ ಅಂಗಡಿಯನ್ನು ಅವನು ನೋಡಿಕೊಳ್ಳುತ್ತಿದ್ದನು. ಗಾಯಕರ ಮೇಳವನ್ನು ನಡೆಸಿದ ಅನುಭವ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಈ ಹುಡುಗರಲ್ಲಿ ಅವನಿಗೆ ಹುಟ್ಟಿದ ವಿಶ್ವಾಸ ಅಪಾರವಾದುದು. ೧೯೬೨ರ ಜನವರಿಯಲ್ಲಿ ಅವನು ಅವರ ವ್ಯವಸ್ಥಾಪಕನಾದನು. ಅಂದಿನ ಕರಾರುಪತ್ರಕ್ಕೆ ಹುಡುಗರು ರುಜು ಹಾಕಿದರು, ಅವನು ಮಾತ್ರ ಹಾಕಲಿಲ್ಲ. ತಾನು ಕೈಲಾಗದವನೆಂದು ಕಂಡರೆ ಅವರು ತನ್ನನ್ನು ಬಿಟ್ಟುಹೋಗಲು ಸ್ವತಂತ್ರರಾಗಿರಲೆಂಬುದು ಅವನ ಇಚ್ಛೆಯಾಗಿದ್ದಿತು. ಹೃದಯದ ದೃಷ್ಟಿಯಿಂದ ಇದು ಮೆಚ್ಚತಕ್ಕ ಗುಣ; ವ್ಯವಹಾರದ ದೃಷ್ಟಿಯಿಂದ ಎಳಸುತನ.

ಅದೇ ವರ್ಷದ ಆಗಸ್ಟಿನಲ್ಲಿ, ಎರಡು ವರ್ಷ ಜೊತೆಯಲ್ಲಿದ್ದು ಡೋಲು ಬಾರಿಸಿದ ಪೀಟ್ ಬೆಸ್ಟ್ ಎಂಬವನನ್ನು ಮೇಳದಿಂದ ತೆಗೆದುಹಾಕಲಾಯಿತು. ಉಳಿದ ಮೂವರು ಆ ಮಾತನ್ನು ತಾವು ಹೇಳದೆ ಎಪ್‌ಸ್ಟೈನನಿಂದ ಹೇಳಿಸಿದರು. ಕೀರ್ತಿಯ ಬಾಗಿಲು ತೆರೆಯುವುದಕ್ಕೆ ಕೆಲವೇ ವಾರಗಳ ಮುಂಚೆ ಹೊರಗುಳಿದ ಆ ಹುಡುಗನನ್ನು ನೆನೆದರೆ ಯಾವ ತಂದೆತಾಯಿಗಳಿಗಾದರೂ ಮರುಕ ಹುಟ್ಟದಿರದು. ಅವನ ಸ್ಥಾನಕ್ಕೆ ರಿಂಗೊ ಬಂದನು.

ಅಕ್ಟೋಬರ್ ೧ರಂದು ಹೊಸ ಕರಾರಾಯಿತು. ಇದರ ಮುದ್ದತು ಐದು ವರ್ಷ. ಗಳಿಕೆ ಹೆಚ್ಚಿದಂತೆ ವ್ಯವಸ್ಥಾಪಕನ ಪಾಲು ನೂರಕ್ಕೆ ಇಪ್ಪತ್ತೈದರವರೆಗೆ ಏರತಕ್ಕದ್ದು. ಇಂಗ್ಲೆಂಡಿನ ಅಂದಿನ ಕಾನೂನಿನಂತೆ ಇಪ್ಪತ್ತೊಂದು ವರ್ಷ ತುಂಬದವರು ಅಪ್ರಾಪ್ತವಯಸ್ಕರು. ಪಾಲನಿಗೆ ಇಪ್ಪತ್ತು, ಜಾರ್ಜನಿಗೆ ಹತ್ತೊಂಬತ್ತು. ಆದುದರಿಂದ ಆ ಪತ್ರಕ್ಕೆ ಇವರಿಬ್ಬರ ತಂದೆಗಳೂ ರುಜು ಹಾಕಬೇಕಾಯಿತು. ಪಾಲನ ತಂದೆ ಹತ್ತಿಯ ವ್ಯಾಪಾರದಲ್ಲಿ ನೌಕರ, ಒಂದು ಕಾಲದಲ್ಲಿ ತಾನೇ ಸಣ್ಣ ವಾದ್ಯಮೇಳವನ್ನು ನಡೆಸಿದವನು. ಜಾರ್ಜನ ತಂದೆ ಬಸ್ಸಿನ ಚಾಲಕ. ಇಬ್ಬರೂ ಪ್ರಾಮಾಣಿಕರು, ಮಕ್ಕಳ ಮೇಲೆ ಪ್ರಾಣವಿಟ್ಟವರು. ನಮ್ಮ ಮಿತ್ರರು ಹಿಡಿದು ತಂದ ಕಾಗದವನ್ನು ಕಂಡೊಡನೆ ನಮ್ಮ ಕಣ್ಣಮುಂದೆ ಬಂದವರು ಈ ಇಬ್ಬರು ತಂದೆಗಳೇ.

ಇನ್ನು ರೆಕಾರ್ಡು ಸಂಸ್ಥೆಯ ಕರಾರನ್ನು ನೋಡುವ. ೧೯೬೨ರ ಮೊದಲ ದಿನ ಲಂಡನ್ನಿನ ಡೆಕ್ಕಾ ಸಂಸ್ಥೆಯು ಇವರನ್ನು ಪರೀಕ್ಷಿಸಿ ಕೊನೆಗೆ ಬೇಡವೆಂದಿತು. ಬಾಗಿಲಿಂದ ಬಾಗಿಲಿಗೆ ಅಲೆದು ಬೇಸತ್ತಿದ್ದ ಎಪ್‌ಸ್ಟೈನನಿಗೆ ಇ.ಎಂ.ಐ. ಸಂಸ್ಥೆಯ ಜಾರ್ಜ್ ಮಾರ್ಟಿನ್ ಆಶ್ರಯವಿತ್ತನು. ಕೊಟ್ಟ ದರವೆಷ್ಟು? ಎರಡು ಹಾಡುಗಳಿರುವ ಒಂದು ರೆಕಾರ್ಡಿಗೆ ಒಂದು ಪೆನ್ನಿ. ಅಂದು ಪೌಂಡಿಗೆ ೨೪೦ ಪೆನ್ನಿಗಳು. ರೆಕಾರ್ಡಿನ ಬೆಲೆ ಆರು ಷಿಲಿಂಗಿಗೂ, ಎಂದರೆ ೭೨ ಪೆನ್ನಿಗಳಿಗೂ, ಮೇಲೆ. ಆ ಒಂದು ಪೆನ್ನಿಯಲ್ಲಿ ವ್ಯವಸ್ಥಾಪಕನ ಪಾಲು ಹೋಗಿ ಉಳಿದುದನ್ನು ನಾಲ್ವರು ಹಂಚಿಕೊಳ್ಳಬೇಕು. ಹೊರದೇಶಗಳಲ್ಲಿ ಮಾರಿದರೆ ಅದರಲ್ಲೂ ಅರ್ಧ. ಹಸಿದವನು ಅನ್ನದ ರುಚಿಯನ್ನು ಕೇಳುವನೆ? ರುಜು ಬಿದ್ದಿತು. ಮುಂದೆ ಮಾರ್ಟಿನನೇ ದರವನ್ನು ಇಮ್ಮಡಿಗೊಳಿಸಬೇಕೆಂದು ವಾದಿಸಿದಾಗ, ಅವನ ಮೇಲಿನವರು ಅವನನ್ನು ಸಂಸ್ಥೆಯ ದ್ರೋಹಿಯಂತೆ ಕಂಡರು. ಆ ಮಾರ್ಟಿನನಾದರೂ ತಿಂಗಳ ಸಂಬಳದ ನೌಕರನೇ. ತಾನು ರೂಪಿಸಿದ ಆ ರೆಕಾರ್ಡುಗಳ ಮಾರಾಟದಲ್ಲಿ ಅವನಿಗೆ ಪಾಲಿರಲಿಲ್ಲ. ೧೯೬೫ರಲ್ಲಿ ಅವನು ಆ ನೌಕರಿಯನ್ನು ಬಿಟ್ಟು ಸ್ವತಂತ್ರನಾದನು.

ಇದಕ್ಕಿಂತಲೂ ದೊಡ್ಡ ನಷ್ಟ ಬೇರೊಂದು ಕಾಗದದಲ್ಲಿ ಅಡಗಿದ್ದಿತು. ೧೯೬೩ರ ಫೆಬ್ರವರಿಯಲ್ಲಿ ಲೆನನ್ ಮೆಕಾರ್ಟ್ನಿಯರು ಕಟ್ಟುವ ಹಾಡುಗಳ ಗ್ರಂಥಸ್ವಾಮ್ಯವನ್ನು ನೋಡಿಕೊಳ್ಳಲು 'ನಾರ್ದರ್ನ್ ಸಾಂಗ್ಸ್' ಎಂಬ ಕಂಪನಿಯೊಂದು ಸ್ಥಾಪಿತವಾಯಿತು. ಹಾಡನ್ನು ಕಟ್ಟುವವರು ಇವರಿಬ್ಬರು. ಆದರೆ ಕಂಪನಿಯಲ್ಲಿ ಇವರ ಪಾಲು ತಲೆಗೆ ನೂರಕ್ಕೆ ಇಪ್ಪತ್ತು, ಎಪ್‌ಸ್ಟೈನನ ಸಂಸ್ಥೆಗೆ ಹತ್ತು. ಉಳಿದ ದೊಡ್ಡ ಪಾಲೂ ಅದರೊಡನೆ ಯಜಮಾನಿಕೆಯೂ ಡಿಕ್ ಜೇಮ್ಸ್ ಎಂಬ ಪ್ರಕಾಶಕನಿಗೂ ಅವನ ಜೊತೆಗಾರನಿಗೂ ಸೇರಿದುವು. ಹಾಡೆಂಬುದು ಹೊಲದಂತೆ, ಮನೆಯಂತೆ, ಒಬ್ಬರಿಂದ ಒಬ್ಬರಿಗೆ ಮಾರಾಟವಾಗಬಲ್ಲ ಸ್ವತ್ತೆಂಬುದು ಆ ತರುಣರಿಗೆ ಅಂದು ಹೊಳೆದಿರಲಿಲ್ಲ. ಬಸವನ ಹುಳಕ್ಕೆ ಚಿಪ್ಪು ಹೇಗೋ ಹಾಗೆ ಹಾಡು ತಮಗೆ ಅಂಟಿಕೊಂಡೇ ಇರುವುದೆಂದು ಭಾವಿಸಿದ್ದರು.

ಈ ಕಾಗದಗಳೆಲ್ಲಾ ಪೆಟ್ಟಿಗೆಯಲ್ಲಿ ಮಲಗಿರಲು, ಹೊರಗೆ ಕೀರ್ತಿಯು ಪ್ರವಾಹದಂತೆ ಏರಿತು. ೧೯೬೪ರ ಫೆಬ್ರವರಿ ೯ರಂದು ಅಮೆರಿಕದಲ್ಲಿ ಸುಮಾರು ಏಳು ಕೋಟಿ ಮೂವತ್ತು ಲಕ್ಷ ಜನ ಇವರನ್ನು ದೂರದರ್ಶನದಲ್ಲಿ ನೋಡಿದರು. ೧೯೬೫ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರಕ್ಕೂ ಹೆಚ್ಚು ಜನ ನೆರೆದರು. ಜನರ ಚೀತ್ಕಾರದಲ್ಲಿ ಗಾಯಕರಿಗೆ ತಮ್ಮ ಹಾಡೇ ಕೇಳಿಸದಂತಾಯಿತು. ಹೋಟೆಲಿನ ಕೋಣೆ, ಮೋಟಾರು, ವೇದಿಕೆ, ಪುನಃ ಕೋಣೆ. ಇವರ ದಿನಚರಿ ಸೆರೆವಾಸಕ್ಕೆ ಸಮೀಪವಾಯಿತು. ೧೯೬೬ರ ಆಗಸ್ಟ್ ೨೯ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಊರೂರಿಗೆ ಹೋಗಿ ಕಚೇರಿ ನಡೆಸುವುದನ್ನೇ ಅವರು ಬಿಟ್ಟುಬಿಟ್ಟರು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಕೀರ್ತಿಗೂ ಸಲ್ಲುವುದು.

ಈ ಭರಾಟೆಯಲ್ಲಿ ಇವರ ಚಿತ್ರಗಳನ್ನೂ ಹೆಸರನ್ನೂ ಬಳಸಿ ಬೊಂಬೆ, ಟೋಪಿಕೂದಲು, ಅಂಗಿ, ಊಟದ ಡಬ್ಬಿಗಳು ಮಾರಾಟಕ್ಕೆ ಬಂದುವು. ಅದಕ್ಕೆ ಅನುಮತಿ ಕೊಡುವ ಹಕ್ಕನ್ನು ಎಪ್‌ಸ್ಟೈನನ ಕಡೆಯವರು ಒಂದು ಹೊಸ ಕಂಪನಿಗೆ ಒಪ್ಪಿಸಿದರು. ಬಂದ ಹಣದಲ್ಲಿ ಆ ಕಂಪನಿಗೆ ನೂರಕ್ಕೆ ತೊಂಬತ್ತು, ಹೆಸರಿನ ಒಡೆಯರಿಗೆ ಹತ್ತು! ತಪ್ಪು ತಿಳಿದು ತಿದ್ದಿಸಹೊರಟಾಗ ವ್ಯಾಜ್ಯಗಳು ಹುಟ್ಟಿ ಅಮೆರಿಕದ ನ್ಯಾಯಸ್ಥಾನಗಳನ್ನು ಏರಿದುವು. ವ್ಯಾಜ್ಯಕ್ಕೆ ಹೆದರಿದ ವರ್ತಕರು ಹಿಂದೆಗೆದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಎಪ್‌ಸ್ಟೈನನು ಕಳ್ಳನಲ್ಲ. ಹುಡುಗರಿಗೆ ಒಪ್ಪವಾದ ಉಡುಪು ತೊಡಿಸಿದವನು, ಹೊತ್ತಿಗೆ ಸರಿಯಾಗಿ ವೇದಿಕೆಗೆ ಬರುವುದನ್ನು ಕಲಿಸಿದವನು, ಎಲ್ಲರೂ ಬೇಡವೆಂದಾಗ ಇವರನ್ನು ನಂಬಿದವನು ಅವನೇ. ಅವನಿಲ್ಲದಿದ್ದರೆ ಮೇಳವು ಲಿವರ್‌ಪೂಲಿನ ನೆಲಮಾಳಿಗೆಯಲ್ಲೇ ಉಳಿಯುತ್ತಿದ್ದಿತೇನೋ! ಅವನಲ್ಲಿ ಕೊರತೆಯಾದುದು ಪ್ರೀತಿಯಲ್ಲ, ವ್ಯವಹಾರಜ್ಞಾನ. ಆದರೆ ಕರಾರುಪತ್ರಕ್ಕೆ ಪ್ರೀತಿಯ ಗುರುತಿಲ್ಲ. ಪ್ರೀತಿಸಿದವನು ಇಂದು ಇರುವನು, ನಾಳೆ ಇಲ್ಲ. ಅವನು ಬರೆಸಿದ ಕಾಗದ ಮಾತ್ರ ಉಳಿಯುವುದು.

ಹಾಗೆಯೇ ಆಯಿತು. ೧೯೬೭ರ ಆಗಸ್ಟ್ ೨೭ರಂದು ನಿದ್ರೆಯ ಔಷಧವು ಮಿತಿಮೀರಿ ಎಪ್‌ಸ್ಟೈನನು ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದು ಆಕಸ್ಮಿಕವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆ ಸುದ್ದಿ ಬಂದಾಗ ನಾಲ್ವರೂ ವೇಲ್ಸ್ ಪ್ರಾಂತದಲ್ಲಿ ಮಹರ್ಷಿ ಮಹೇಶಯೋಗಿಗಳ ಬಳಿ ಧ್ಯಾನವನ್ನು ಕಲಿಯುತ್ತಿದ್ದರು. ಮರುವರ್ಷ ಅವರು ಅದೇ ಗುರುಗಳನ್ನು ಅರಸಿ ನಮ್ಮ ಹೃಷೀಕೇಶಕ್ಕೆ ಬಂದುದನ್ನು ಅನೇಕರು ಬಲ್ಲರು. ಮನಸ್ಸಿಗೆ ಶಾಂತಿ ದೊರೆತಿರಬಹುದು. ಆದರೆ ಮನೆಯ ಲೆಕ್ಕ ನೋಡುವವರು ಯಾರೂ ಉಳಿದಿರಲಿಲ್ಲ. ಲಂಡನ್ನಿನಲ್ಲಿ ತೆರೆದ ಬಟ್ಟೆಯಂಗಡಿಯನ್ನು ಎಂಟು ತಿಂಗಳೊಳಗಾಗಿ, ೧೯೬೮ರ ಜುಲೈಯಲ್ಲಿ, ಸರಕನ್ನು ಬಂದವರಿಗೆಲ್ಲಾ ಪುಕ್ಕಟೆಯಾಗಿ ಕೊಟ್ಟು ಮುಚ್ಚಿದರು.

ಇಷ್ಟರಲ್ಲಿ ಹಾಡುಗಳ ಕಂಪನಿಯು ೧೯೬೫ರಲ್ಲೇ ಷೇರು ಪೇಟೆಗೆ ಬಂದಿದ್ದಿತು. ೧೯೬೯ರ ಮಾರ್ಚಿಯಲ್ಲಿ ಡಿಕ್ ಜೇಮ್ಸನು ತನ್ನ ಷೇರುಗಳನ್ನು ಎ.ಟಿ.ವಿ. ಎಂಬ ಸಂಸ್ಥೆಗೆ ಮಾರಿದನು. ಹಾಡುಗಳನ್ನು ಕಟ್ಟಿದವರಿಗೆ ಮುಂಚಿತವಾಗಿ ಒಂದು ಮಾತನ್ನೂ ಹೇಳಲಿಲ್ಲ. ತಮ್ಮ ಹಾಡುಗಳ ಯಜಮಾನಿಕೆಯನ್ನು ತಾವೇ ಕೊಳ್ಳಲು ಅವರು ಪೇಟೆಯಲ್ಲಿ ಹೋರಾಡಿ ಸೋತರು. ಕೊನೆಗೆ ತಮ್ಮ ಪಾಲನ್ನೂ ಅದೇ ಸಂಸ್ಥೆಗೆ ಮಾರಿದರು. ಕವಿಗೆ ಸಲ್ಲುವ ಗೌರವಧನ ಮುಂದೆಯೂ ಅವರಿಗೆ ಬರುತ್ತಿದ್ದಿತೆಂಬುದು ನಿಜ. ಆದರೆ ಹಾಡನ್ನು ಯಾರಿಗೆ ಕೊಡಬೇಕು, ಎಲ್ಲಿ ಬಳಸಬೇಕು ಎಂಬ ಅಧಿಕಾರ ಕೈಬಿಟ್ಟಿತು. ೧೯೮೫ರಲ್ಲಿ ಆ ಭಂಡಾರವನ್ನು ಅಮೆರಿಕದ ಗಾಯಕ ಮೈಕೇಲ್ ಜ್ಯಾಕ್‌ಸನ್ ೪ ಕೋಟಿ ೭೫ ಲಕ್ಷ ಡಾಲರುಗಳಿಗೆ ಕೊಂಡನು. ೧೯೮೭ರಲ್ಲಿ ಅವರ ಹಾಡೊಂದು ಪಾದರಕ್ಷೆಯ ಜಾಹೀರಾತಿನಲ್ಲಿ ಬಂದಾಗ ಬೀಟಲ್ಸರ ಕಡೆಯವರು ದಾವೆ ಹೂಡಬೇಕಾಯಿತು. ಮೆಕಾರ್ಟ್ನಿಯು ತನ್ನ ಹಾಡುಗಳ ಹಕ್ಕಿಗಾಗಿ ೨೦೧೭ರಲ್ಲಿ ಮತ್ತೆ ನ್ಯಾಯಸ್ಥಾನದ ಮೆಟ್ಟಿಲು ಹತ್ತಿದನು; ಅದೇ ವರ್ಷ ಆ ವ್ಯಾಜ್ಯ ರಾಜಿಯಾಯಿತು. ಇಪ್ಪತ್ತರ ವಯಸ್ಸಿನಲ್ಲಿ ಹಾಕಿದ ರುಜುವಿನ ಬೆನ್ನು ಹತ್ತಿದವನಿಗೆ ಆಗ ಎಪ್ಪತ್ತನಾಲ್ಕು ವರ್ಷ ದಾಟಿದ್ದುವು!

ಸ್ನೇಹದ ಗತಿಯೇನಾಯಿತು? ಎಪ್‌ಸ್ಟೈನನ ಸ್ಥಾನಕ್ಕೆ ಯಾರು ಬರಬೇಕೆಂಬಲ್ಲಿ ನಾಲ್ವರಲ್ಲಿ ಬಿರುಕುಂಟಾಯಿತು. ಮೂವರು ಅಮೆರಿಕದ ಆಲನ್ ಕ್ಲೈನನನ್ನು ಒಪ್ಪಿದರು. ಪಾಲನು ತನ್ನ ಹೆಂಡತಿಯ ತವರಿನವರಾದ ವಕೀಲರನ್ನು ನಂಬಿದನು. ೧೯೬೭ರ ಪಾಲುಗಾರಿಕೆ ಪತ್ರದಂತೆ, ಹಾಡು ಕಟ್ಟುವುದರಿಂದ ಬರುವ ಹಣವೊಂದನ್ನುಳಿದು, ನಾಲ್ವರಲ್ಲಿ ಯಾರು ಏನು ಗಳಿಸಿದರೂ ಅದು ಒಂದೇ ಬೊಕ್ಕಸಕ್ಕೆ ಸೇರಬೇಕಾಗಿತ್ತು. ನಮ್ಮ ಅವಿಭಕ್ತ ಕುಟುಂಬಗಳನ್ನು ಬಲ್ಲವರಿಗೆ ಇದರ ಸುಖವೂ ಕಷ್ಟವೂ ಗೊತ್ತು. ಯಜಮಾನನಲ್ಲಿ ನಂಬಿಕೆ ಹೋದಮೇಲೆ ಒಲೆ ಬೇರೆಯಾಗದೆ ಗತಿಯಿಲ್ಲ. ೧೯೭೦ರ ಡಿಸೆಂಬರ್ ೩೧ರಂದು ಪಾಲನು ತನ್ನ ಮೂವರು ಮಿತ್ರರ ಮೇಲೆಯೇ ದಾವೆ ಹೂಡಿದನು. ೧೯೭೧ರ ಮಾರ್ಚಿಯಲ್ಲಿ ನ್ಯಾಯಾಧೀಶರು ರಿಸೀವರನನ್ನು ನೇಮಿಸಿದರು. ಪಾಲುಗಾರಿಕೆಯು ಕಾನೂನಿನ ಪ್ರಕಾರ ಕಡಿದುಹೋದುದು ೧೯೭೫ರಲ್ಲಿ. ಕ್ಲೈನನೊಡನೆ ಉಳಿದ ಮೂವರಿಗೂ ಅಷ್ಟರಲ್ಲೇ ಮನಸ್ತಾಪವಾಗಿ ಅಲ್ಲಿಯೂ ವ್ಯಾಜ್ಯ ನಡೆಯಿತು. ಕೂಡಿ ಹಾಡಿದ ರೆಕಾರ್ಡುಗಳ ಕಾಲ ಎಂಟು ವರ್ಷಕ್ಕೂ ಕಡಮೆ. ಕಾಗದಗಳ ಜಗಳ ಅದಕ್ಕಿಂತ ಎಷ್ಟೋ ದೀರ್ಘವಾದುದು.

ಇದು ದೂರದೇಶದ, ಕೋಟ್ಯಧೀಶರ ಕಥೆ, ನಮಗೇನು ಎಂದು ಕೇಳಬಹುದು. ರುಜು ಹಾಕಿದ ದಿನ ಅವರು ಕೋಟ್ಯಧೀಶರಾಗಿರಲಿಲ್ಲ. ಬಸ್ಸಿನ ಚಾಲಕನ ಮಗನೂ ಹತ್ತಿಯಂಗಡಿಯ ನೌಕರನ ಮಗನೂ ಆಗಿದ್ದರು. ಕೀರ್ತಿ ಬಂದಮೇಲೆ ಓದಿಸಲು ನೂರು ವಕೀಲರು ದೊರೆಯುವರು. ಓದಬೇಕಾದುದು ಏನೂ ಇಲ್ಲದ ಅಂದಿನ ದಿನ.

ನಮ್ಮ ದೇಶದ ಕಾನೂನನ್ನೂ ಗೃಹಸ್ಥರು ತಿಳಿದಿರಬೇಕು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧುವೆಂದು ೧೯೦೩ರಲ್ಲಿ ಪ್ರೀವಿ ಕೌನ್ಸಿಲು ತೀರ್ಪಿತ್ತಿದೆ. ಇದು ಮಕ್ಕಳಿಗೆ ರಕ್ಷೆಯಷ್ಟೇ ಎಂದು ಭಾವಿಸಲಾಗದು. ಸಿನಿಮಾದಲ್ಲಿ ನಟಿಸಲೆಂದು ಅಪ್ರಾಪ್ತವಯಸ್ಕಳಾದ ಮಗಳ ಪರವಾಗಿ ತಂದೆಯು ನಿರ್ಮಾಪಕನೊಡನೆ ಮಾಡಿಕೊಂಡ ಕರಾರು ಮುರಿದುಬಿದ್ದು, ಆ ವ್ಯಾಜ್ಯ ಮುಂಬಯಿಯ ಹೈಕೋರ್ಟಿಗೆ ಹೋಯಿತು. ಆ ಕರಾರೇ ಅಸಿಂಧುವೆಂದೂ, ಅದರ ಮೇಲೆ ಹುಡುಗಿಯು ಪರಿಹಾರ ಕೇಳಲಾಗದೆಂದೂ ೧೯೪೯ರ ಕಾನೂನು ವರದಿಗಳಲ್ಲಿರುವ ತೀರ್ಪು ಹೇಳುವುದು. ಎಂದರೆ ತಂದೆಯ ರುಜು ಮಗುವಿಗೆ ಆಧಾರವಾಗಲಿಲ್ಲ. ಹದಿನಾಲ್ಕು ತುಂಬದ ಬಾಲಕಲಾವಿದರನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದೂ, ಅವರ ಗಳಿಕೆಯಲ್ಲಿ ನೂರಕ್ಕೆ ಇಪ್ಪತ್ತಕ್ಕೆ ಕಡಮೆಯಿಲ್ಲದಷ್ಟನ್ನು ಅವರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಬೇಕೆಂದೂ ೨೦೧೭ರ ನಿಯಮಗಳು ವಿಧಿಸುತ್ತವೆ. ಚಲಚ್ಚಿತ್ರಗಳಿಗೆ ಹಾಡು ಬರೆದವರೂ ರಾಗ ಹಾಕಿದವರೂ ತಮ್ಮ ಗೌರವಧನದ ಹಕ್ಕನ್ನು ಬಿಟ್ಟುಕೊಡುವಂತೆ ಬರೆಸಿಕೊಳ್ಳಲಾಗದೆಂದು ಗ್ರಂಥಸ್ವಾಮ್ಯದ ಕಾನೂನಿಗೆ ೨೦೧೨ರಲ್ಲಿ ತಿದ್ದುಪಡಿಯಾಗಿದೆ. ಕಾನೂನು ಇಷ್ಟನ್ನು ಮಾಡಿದೆ. ಕಾಗದವನ್ನು ಓದುವ ಕೆಲಸವನ್ನು ಮಾತ್ರ ಅದು ನಮಗೇ ಬಿಟ್ಟಿದೆ.

ಓದುವಾಗ ನೋಡಬೇಕಾದ ಸಂಗತಿಗಳು ಬಹಳವೇನೂ ಇಲ್ಲ. ಕರಾರಿನ ಮುದ್ದತು ಎಷ್ಟು, ಅದನ್ನು ಮುಂದುವರಿಸುವ ಹಕ್ಕು ಇಬ್ಬರಿಗೂ ಇದೆಯೋ ಒಬ್ಬರಿಗೆ ಮಾತ್ರವೋ ಎಂಬುದು ಮೊದಲನೆಯದು. ಹಾಡಿನ ಸ್ವಾಮ್ಯ ಯಾರದು, ಅದನ್ನು ಮೂರನೆಯವರಿಗೆ ಮಾರುವಾಗ ನಮ್ಮನ್ನು ಕೇಳುವರೆ ಎಂಬುದು ಎರಡನೆಯದು. ಪಾಲನ್ನು ಎಣಿಸುವುದು ಬಂದ ಹಣದ ಮೇಲೋ ಖರ್ಚು ಕಳೆದು ಉಳಿದುದರ ಮೇಲೋ, ಲೆಕ್ಕದ ಪುಸ್ತಕವನ್ನು ತೋರಿಸುವರೆ ಎಂಬುದು ಮೂರನೆಯದು. ಬಿಟ್ಟುಬರಬೇಕಾದರೆ ಬಾಗಿಲೆಲ್ಲಿ ಎಂಬುದು ನಾಲ್ಕನೆಯದು. ಕೊನೆಯದು, ಮೇಳದ ಮಕ್ಕಳು ತಮ್ಮತಮ್ಮೊಳಗೆ ಹೇಗೆ ಹಂಚಿಕೊಳ್ಳುವರು, ಒಬ್ಬರು ಬಿಟ್ಟುಹೋದರೆ ಅವರಿಗೇನು ಎಂಬುದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡುವುದು. ಇವನ್ನು ಕೇಳಿದರೆ ಸಿಟ್ಟಾಗುವವರು ಎಷ್ಟೇ ನಯವಾಗಿ ಮಾತನಾಡಿದರೂ ಅವರೊಡನೆ ವ್ಯವಹಾರ ಬೇಡ.

ಕಥೆಯನ್ನು ಕೇಳಿದ ನಮ್ಮ ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ನಾಳೆಯೇ ಕೊಡದಿದ್ದರೆ ಅವಕಾಶ ತಪ್ಪಿಹೋದರೆ? ಮಗಳು ನನ್ನನ್ನು ಏನೆಂದಾಳು?" ಎಂದರು. ಇದು ಸಣ್ಣ ಮಾತಲ್ಲ. ಆ ಭಯವೇ ಎಲ್ಲ ತಂದೆಗಳ ಕೈಯಿಂದಲೂ ರುಜು ಹಾಕಿಸುವುದು. ನಾವು ಅವರಿಗೆ ಹೇಳಿದುದು ಇಷ್ಟೇ: ಹದಿನೈದು ದಿನದ ಅವಧಿ ಕೇಳಿರಿ, ಕಾಗದವನ್ನು ವಕೀಲರಿಗೆ ತೋರಿಸಿರಿ, ಅದಕ್ಕೂ ಮೊದಲು ಮಗಳನ್ನು ಎದುರಿಗೆ ಕೂರಿಸಿಕೊಂಡು ಒಂದೊಂದು ಷರತ್ತನ್ನೂ ಕನ್ನಡದಲ್ಲಿ ಅವಳಿಗೆ ತಿಳಿಯುವಂತೆ ಹೇಳಿರಿ. ಹಾಡು ಅವಳದು, ತಿಳಿಯುವ ಹಕ್ಕೂ ಅವಳದೇ.

ಮೊನ್ನೆ ಅವರಿಂದ ಕಾಗದ ಬಂದಿತು. ಸಂಸ್ಥೆಯವರು ಅವಧಿಯನ್ನು ಕೊಟ್ಟಿರುವರಂತೆ. ಏಳನೆಯ ಪುಟದಲ್ಲಿ, ಹುಡುಗಿ ಮುಂದೆ ಕಟ್ಟುವ ಹಾಡುಗಳೆಲ್ಲವೂ ಎಂದೆಂದಿಗೂ ಸಂಸ್ಥೆಗೆ ಸೇರತಕ್ಕವೆಂಬ ಷರತ್ತಿದ್ದಿತಂತೆ. ಅದನ್ನು ಕಂಡುಹಿಡಿದವಳು ಮಗಳೇ. ಅದನ್ನು ತಿದ್ದುವ ಮಾತು ಈಗ ನಡೆದಿದೆ. ಒಪ್ಪದಿದ್ದರೆ ತಾನು ರುಜು ಹಾಕುವುದಿಲ್ಲವೆಂದೂ, ಹಾಡು ಮನೆಯಲ್ಲಿ ಎಂದಿನಂತೆ ನಡೆದಿದೆಯೆಂದೂ ಅವರು ಬರೆದಿರುವರು.